ನದಿ, ಅಳಿವೆ, ಸಮುದ್ರ

ಜುಲೈ 13, ರವಿವಾರ

ನಾನು ಕಾಸರಕೋಡದ ಕಮಲಿ. ಬಂದರದಲ್ಲಿ ಎಲ್ಲರಿಗೂ ಕಮಲಕ್ಕ. ಬರಿ ಕಮಲಿ ಎಂದು ಕರೆಯುವ ಹಕ್ಕಿದ್ದವರೆಲ್ಲ ತೀರಿಕೊಂಡರು. ವಯಸ್ಸು ಅರವತ್ತಮೂರು. ಹೊನ್ನಾವರದ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ ಪಾಸಾದವಳು. ಆ ವರ್ಷ ನಮ್ಮ ಕೇರಿಯಿಂದ ಪಾಸಾದ ಹೆಣ್ಣು ನಾನೊಬ್ಬಳೇ. ಗಂಗಾಮಾತಾ ಬೋಟಿನ ಯಜಮಾನಿ. ಭಟ್ಕಳ, ಹೊನ್ನಾವರ, ಕುಮಟೆ, ಈ ಮೂರೂ ಕಡೆಯ ಮೀನು ಮಾರುವ ಹೆಂಗಸರ ಸಂಘಕ್ಕೆ ಹದಿನೇಳು ವರ್ಷದಿಂದ ಅಧ್ಯಕ್ಷೆ. ಇದನ್ನೆಲ್ಲ ನನಗೆ ನಾನೇ ಹೇಳಿಕೊಳ್ಳುವ ಅಗತ್ಯ ಇಲ್ಲಿಯವರೆಗೆ ಬಿದ್ದಿರಲಿಲ್ಲ. ಇವತ್ತು ಬಿತ್ತು.

ಬೋಟ್ ಮಾಲಕರ ಸಭೆಯಲ್ಲಿ ಅವರ ಅಧ್ಯಕ್ಷ ಭಾಸ್ಕರ ಎಲ್ಲರೆದುರು ನಕ್ಕ. ಅವನು ನನ್ನ ಮೈದುನ ಬೇರೆ.

"ಅತ್ಗೆ, ಬುಟ್ಟಿ ಹೊರೂಕೆ ಈಗ ಕಂಪ್ಯೂಟರ್ ಬೇಕಾತಾ? ನಾಳೆ ಬಂಗಡೆಗೂ ಒಂದೊಂದು ಫೋನ್ ಕೊಡ್ಸು."

ಹತ್ತು ಗಂಡಸರು ನಕ್ಕರು. ನಗು ಮುಗಿಯಲಿ ಎಂದು ಕಾದೆ. ಆಮೇಲೆ ಕೇಳಿದೆ: "ಹೋದ ಅಕ್ಟೋಬರಿನಲ್ಲಿ ಅಳಿವೆ ಕೆಟ್ಟದೆ ಅಂತ ನಿನ್ನ ಬೋಟು ತದಡಿಗೆ ಹೋತು. ಇಲ್ಲಿ ನಿನ್ನ ಹೆಂಡ್ತಿ ಬೆಳಗಾಮುಂಚೆಯಿಂದ ಮಧ್ಯಾಹ್ನದವರೆಗೆ ಖಾಲಿ ಬುಟ್ಟಿ ಹಿಡ್ಕಂಡು ಬಂದರದ ದಕ್ಕೆ ಮೇಲೆ ಕೂತಿತ್ತು. ಅದಕ್ಕೂ ಕೇಳ್ಲಿ, ಇನ್ನೂ ಸ್ವಲ್ಪ ಜೋರು ನಗು."

ಮತ್ತೆ ಯಾರೂ ನಗಲಿಲ್ಲ.

ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿ ಅಲೆ ಎದ್ದರೆ ಬೋಟುಗಳು ಒಳಗೆ ಬರಲಾರದೆ ಭಟ್ಕಳಕ್ಕೋ ತದಡಿಗೋ ತಿರುಗುತ್ತವೆ. ಎಲ್ಲಿಗೆ ಹೋದವು ಎಂಬ ಸುದ್ದಿ ಹೆಂಗಸರ ಫೋನಿಗೆ ಬರಬೇಕು, ಅದಕ್ಕೊಂದು ಆ್ಯಪ್. ಬಂತು, ಬೇರೆ ಬಂದರಕ್ಕೆ ಹೋಯಿತು, ಹೊತ್ತು ಮೀರಿತು. ಮೂರೇ ಸುದ್ದಿ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ದಿನವೇ ಆ್ಯಪ್ ಶುರು ಎಂದು ಸಭೆಯಲ್ಲಿ ಹೇಳಿ ಬಂದಿದ್ದೇನೆ.

ಮಾಡಬೇಕಾದವಳು ನನ್ನ ಸೊಸೆ. ಅವಳಿಗೆ ಇನ್ನೂ ಹೇಳಿಲ್ಲ.

ಜುಲೈ 15, ಮಂಗಳವಾರ

ಸೊಸೆಗೆ ರವಿವಾರ ರಾತ್ರಿಯೇ ಹೇಳಿದ್ದೆ, ಇವತ್ತು ಎಲ್ಲಿಗೆ ಬಂತು ಎಂದು ಕೇಳಿದೆ. ಅವಳು ಹಿರೇಗುತ್ತಿಯವಳು, ಹೆಸರು ಸುಷ್ಮಾ. ಭಟ್ಕಳದ ಒಂದು ಸಣ್ಣ ಕಂಪನಿಯ ಕೆಲಸವನ್ನು ನಮ್ಮ ಮನೆಯಲ್ಲೇ ಕೂತು ಮಾಡುತ್ತಾಳೆ. ಮೆಲ್ಲಗೆ ಮಾತಾಡುತ್ತಾಳೆ, ಅದು ನನಗೆ ಸೇರುವುದಿಲ್ಲ. ಮೆಲ್ಲಗೆ ಮಾತಾಡುವವಳ ಮೀನು ದಕ್ಕೆಯ ಮೇಲೆ ಬಿಸಿಲಿಗೆ ಹಾಳಾಗುತ್ತದೆ.

"ಮುಕ್ಕಾಲು ಪಾಲು ಆತು ಅತ್ತೆ. ಕೋಡು ಬರೆಯೂದು ದೊಡ್ಡದಲ್ಲ. ಸರಿ ಕಟ್ಟೂದು ದೊಡ್ಡದು."

"ತೋರ್ಸು" ಎಂದು ಕುರ್ಚಿ ಎಳೆದು ಕೂತೆ.

ಕೋಡು ಎಂಬುದು ಒಂದೇ ಅಂತೆ. ಅದನ್ನು ಆ್ಯಪಾಗಿ ಕಟ್ಟಿಕೊಡಲು ಬಿಲ್ಡ್ ಟೂಲ್ ಎಂದು ಒಂದಿದೆ. ಎಲ್ಲಿ ಓಡುವುದಕ್ಕಾಗಿ ಕಟ್ಟಬೇಕು ಎಂದು ಅದಕ್ಕೆ ತಿಳಿಸಲು ಮೂರು ಸಣ್ಣ ಫೈಲುಗಳು. ಡೆವ್, ಟೆಸ್ಟ್, ಪ್ರೊಡ್ ಎಂದು ಹೆಸರಿಟ್ಟಿದ್ದಳು. ಮೊದಲನೆಯದಕ್ಕೆ ಕಟ್ಟಿದ್ದು ಅವಳ ಕಂಪ್ಯೂಟರಿನ ಒಳಗೇ ಓಡುತ್ತದೆ. ಸುದ್ದಿ ಪರದೆಯ ಮೇಲೆ ಮೂಡುತ್ತದೆ, ಯಾರ ಫೋನಿಗೂ ಹೋಗುವುದಿಲ್ಲ. ಎರಡನೆಯದು ನನ್ನ ಮತ್ತು ಅವಳ ಫೋನಿಗೆ ಮಾತ್ರ. ಮೂರನೆಯದು ಮೂರೂ ಬಂದರದ ಹೆಂಗಸರಿಗೆ.

"ಇಷ್ಟಕ್ಕೆ ಇಂಗ್ಲಿಷ್ ಎಂತಕ್ಕೆ? ಹೊಸ ಬೋಟು ಕಟ್ಟಿದ ಮೇಲೆ ಎಂತ ಮಾಡ್ತಾರೆ? ಮೊದ್ಲು ನದಿಯಲ್ಲಿ ಓಡಿಸಿ ನೋಡ್ತಾರೆ. ಆಮೇಲೆ ಅಳಿವೆ ದಾಟಿಸಿ ವಾಪಸ್ ತರ್ತಾರೆ. ಆಮೇಲೆ ಸಮುದ್ರ. ಹಾಗೇ ಬರಿ. ನದಿ, ಅಳಿವೆ, ಸಮುದ್ರ."

ಅವಳು ಒಂದು ಗಳಿಗೆ ನನ್ನನ್ನು ನೋಡಿ, ಮೂರೂ ಫೈಲಿನ ಹೆಸರು ಬದಲಿಸಿದಳು. ಕಟ್ಟಿ ನೋಡಿದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇದರಲ್ಲಿ ಅಂಥ ದೊಡ್ಡ ವಿದ್ಯೆ ಏನಿದೆಯೋ ನನಗೆ ತಿಳಿಯಲಿಲ್ಲ.

ಜುಲೈ 16

ಇವತ್ತು ಗಟ್ಟಿಯಾಗಿ ಹೇಳಬೇಕಾಯಿತು.

ಪ್ರತಿ ಸಲ ಆ್ಯಪ್ ಕಟ್ಟಿದ ಕೂಡಲೇ ತನ್ನಷ್ಟಕ್ಕೆ ಒಂದು ಪರೀಕ್ಷೆ ನಡೆಯುತ್ತದೆ. ಒಂದು ಪಟ್ಟಿಯಲ್ಲಿರುವ ಬೋಟುಗಳ ಮೂರೂ ಸುದ್ದಿಗಳು ಸಾಲಾಗಿ ಬರುತ್ತವೆ. ಆ ಪಟ್ಟಿ ನೋಡಿದೆ. ನೀಲಾಂಬರಿ, ಚಂದ್ರಿಕಾ ಎಂದೆಲ್ಲ ಇತ್ತು. ಫೋನ್ ನಂಬರಿನ ಜಾಗದಲ್ಲಿ ಬರೀ ಸೊನ್ನೆ.

"ಯಾರ ಬೋಟು ಇದು?"

"ಯಾರ್ದೂ ಅಲ್ಲ ಅತ್ತೆ. ಸುಳ್ಳು ಹೆಸರು. ಪರೀಕ್ಷೆಗೆ ಹಾಗೇ ಇಡೂದು."

ನಮ್ಮಲ್ಲಿ ಇಲ್ಲದ ಬೋಟಿಗೆ ಯಾರೂ ಹೆಸರಿಡುವುದಿಲ್ಲ. ಹೆಸರು ಇದ್ದು ನೀರಿನ ಮೇಲೆ ಇಲ್ಲದ ಬೋಟು ಎಂದರೆ ಮುಳುಗಿದ ಬೋಟು. ಬೇರೆ ಅರ್ಥ ಇಲ್ಲ. ನನ್ನ ಮನೆಯಲ್ಲಿ ಕೂತು ಅಂಥದ್ದೊಂದನ್ನು ಹುಟ್ಟಿಸಿ, ಅದಕ್ಕೆ 'ಹೊತ್ತು ಮೀರಿತು' ಎಂದು ಬೇರೆ ಬರೆಯುವುದೇ?

"ಅಳಿಸು. ನಮ್ಮ ಬೋಟುಗಳ ಹೆಸರು ಹಾಕು. ನಮ್ಮ ಹೆಂಗಸರ ನಂಬರು ಹಾಕು."

"ಅದು ಬೇಡ ಅತ್ತೆ. ಹೆಸರು ಸುಳ್ಳಿದ್ರೆ, ಕೈ ತಪ್ಪಿ ಸಮುದ್ರಕ್ಕೆ ಕಟ್ಟಿದ್ರೂ ಯಾರಿಗೂ ತಾಗೂದಿಲ್ಲ. ನಿಜ ಹೆಸರು ಹಾಕಿದ್ರೆ ಪರೀಕ್ಷೆ ಸುದ್ದಿ ನಿಜವಾಗೂ ಹೋಗ್ತದೆ."

"ಕೈ ಯಾರ್ದು ತಪ್ತದೆ? ನಿಂದಾ?"

ಸಂಜೆಯೊಳಗೆ ಸೊಸೆ ಮೂರೂ ಬಂದರದ ನಿಜವಾದ ಹೆಸರು, ನಂಬರು ಹಾಕಿದಳು. ಮೊದಲನೆಯದು ಗಂಗಾಮಾತಾ. ಪರದೆಯ ಮೇಲೆ ಅದನ್ನು ನೋಡಿದ ಮೇಲೆ ನನಗೆ ಸಮಾಧಾನವಾಯಿತು.

ಜುಲೈ 24, ಗುರುವಾರ

ಕಟ್ಟುವುದನ್ನು ಕಲಿತೆ. ಮೇಲೆ ಮೂರು ಹೆಸರಿನ ಸಾಲು. ಒಂದನ್ನು ಆರಿಸಬೇಕು, ಪಕ್ಕದ ಹಸಿರು ತ್ರಿಕೋನ ಒತ್ತಬೇಕು, ಅಷ್ಟೇ. ಕೆಳಗೆ ಗೆರೆ ಹಸಿರಾದರೆ ಆಯಿತು, ಕೆಂಪಾದರೆ ಎಲ್ಲೋ ತಪ್ಪಿದೆ.

"ನೀವು ನದಿ ಮಾತ್ರ ಒತ್ತಿ" ಎಂದಳು ಸೊಸೆ. "ಸಮುದ್ರಕ್ಕೆ ಬೀಗ ಹಾಕೂದು ಬಾಕಿ ಅದೆ. ಈ ವಾರ ಹಾಕ್ತೆ."

ಐದು ಸಲ ಒತ್ತಿದೆ. ಐದೂ ಹಸಿರು. ಬಾಗಿಲಲ್ಲಿ ನನ್ನ ಮಗ ಅಜಯ ನಿಂತಿದ್ದ. ಗಂಗಾಮಾತಾವನ್ನು ನಡೆಸುವ ತಾಂಡೇಲ ಅವನೇ.

"ಅಮ್ಮ ಈಗ ಇಂಜಿನಿಯರ್" ಎಂದ ಹೆಂಡತಿಗೆ.

"ನಿನ್ನ ಬೋಟಿನ ಇಂಜಿನ್ ಎಣ್ಣೆ ಕಾರ್ತಾ ಅದೆ. ಅದನ್ನ ನೋಡ್ಕೊ ಹೋಗು" ಎಂದೆ.

ಆಗಸ್ಟ್ 1, ಶುಕ್ರವಾರ

ಮಳೆಗಾಲದ ನಿಷೇಧ ಮುಗಿಯಿತು. ಬೋಟುಗಳು ಹೋದವು. ಗಂಗಾಮಾತಾ ಮೂರನೆಯದಾಗಿ ಅಳಿವೆ ದಾಟಿತು.

ಲಕ್ಕಿ ನನ್ನ ಪಕ್ಕ ನಿಂತಿದ್ದಳು. ಅವಳ ಮಗ ಅಕ್ಷಯ ನಮ್ಮ ಬೋಟಿನಲ್ಲೇ ಇದ್ದಾನೆ. ಎಂಟು ವರ್ಷದ ಹಿಂದೆ ಅವಳ ಗಂಡ ಮಾಬ್ಲೇಶ್ವರ ಹೋದ ಬೋಟು ಮುಳುಗಿದಾಗ ಆ ಸುದ್ದಿ ಇಲ್ಲಿಗೆ ಮುಟ್ಟಲು ಎರಡು ದಿನ ಬೇಕಾಯಿತು. ಅಂದಿನಿಂದ ಮಗನ ಬೋಟು ಕಣ್ಣಿಗೆ ಮರೆಯಾಗುವವರೆಗೆ ಅವಳು ದಕ್ಕೆ ಬಿಟ್ಟು ಕದಲುವುದಿಲ್ಲ.

"ನಿನ್ನ ಆ್ಯಪು ಯಾವಾಗ?"

"ನೂಲ ಹುಣ್ಣಿಮೆಗೆ. ಹೇಳಿದ ಮೇಲೆ ಹೇಳಿದ್ದೇ."

ಆಗಸ್ಟ್ 5, ಮಂಗಳವಾರ, ಬೆಳಿಗ್ಗೆ ಹನ್ನೊಂದು

ನಾಳೆ ಭಟ್ಕಳದ ಶರ್ಮಿಳಾ ಮತ್ತು ಕುಮಟೆಯ ಹೆಂಗಸರು ಆ್ಯಪ್ ನೋಡಲು ಬರುತ್ತಾರೆ. ಸುಷ್ಮಾ ತಾಯಿಯ ಕಣ್ಣು ತೋರಿಸಲು ಎಂಟರ ಬಸ್ಸಿಗೆ ಕುಮಟೆಗೆ ಹೋದಳು. ಹೋಗುವಾಗ, ಅಭ್ಯಾಸ ಬೇಕಿದ್ದರೆ ನದಿಯಲ್ಲಿ ಮಾಡಿ ಅತ್ತೆ ಎಂದಳು.

ನದಿಯಲ್ಲಿ ಫೋನ್ ಕೂಗುವುದಿಲ್ಲ. ಅಷ್ಟು ದೂರದಿಂದ ಬಂದವರಿಗೆ ಪರದೆಯ ಮೇಲೆ ಅಕ್ಷರ ತೋರಿಸಿ ಕಳಿಸಲಿಕ್ಕೆ ನಾನು ಶಾಲೆಯ ಟೀಚರಲ್ಲ. ಅಳಿವೆಯಲ್ಲಿ ಕೂಗುವುದು ಎರಡೇ ಫೋನು, ಅದರಲ್ಲಿ ಒಂದು ಕುಮಟೆಯಲ್ಲಿದೆ. ಮೂರು ಬಂದರದ ಅಧ್ಯಕ್ಷೆ ನದಿಯಲ್ಲೇ ಯಾಕೆ ಸುತ್ತಬೇಕು? ಸಮುದ್ರ ಎಂದು ಆರಿಸಿ ನಾನೇ ಒತ್ತಿದೆ.

ಹಸಿರು ಗೆರೆ ಬಂತು. ಕಷ್ಟವೇನೂ ಇಲ್ಲ. ಒಳಗೆ ನನ್ನ ಫೋನ್ ಕೂಗುತ್ತಿದೆ. ಜಗಲಿಯವರೆಗೂ ಚೆನ್ನಾಗಿ ಕೇಳಿಸುತ್ತದೆ.

ಆಗಸ್ಟ್ 5, ಸಂಜೆ

ಆ್ಯಪು ತಪ್ಪು ಸುದ್ದಿ ಕಳಿಸಿತು.

ಮೂರೂ ಬಂದರದ ಎಲ್ಲ ಹೆಂಗಸರಿಗೂ ಹೋಯಿತು. ಅವರವರ ಮನೆಯ ಬೋಟಿನ ಹೆಸರು, ಮೂರು ಸುದ್ದಿಯಲ್ಲಿ ಕೊನೆಯದಾಗಿ 'ಹೊತ್ತು ಮೀರಿತು, ಸಂಪರ್ಕ ಇಲ್ಲ'. ಒಲೆಯ ಮೇಲೆ ಅನ್ನ ಬಿಟ್ಟು ಬಂದರು. ಮಾವಿನಕುರ್ವೆಯಿಂದ ದೋಣಿಯಲ್ಲಿ ಬಂದರು. ಒಬ್ಬಳ ತಲೆಯಲ್ಲಿ ಇನ್ನೂ ಸೋಪಿನ ನೊರೆ ಇತ್ತು. ವೈರ್‌ಲೆಸ್ಸಿನಲ್ಲಿ ಕೂಗಿ ಕೂಗಿ ಬೋಟುಗಳನ್ನು ಕರೆದರು. ಅಲ್ಲಿ ಅವರಿಗೆ ಏನೆಂದು ತಿಳಿಯದೆ, ದಡದಲ್ಲೇ ಏನೋ ಆಗಿದೆ ಎಂದುಕೊಂಡು ನಾಲ್ಕು ಬೋಟಿನವರು ಬಲೆ ಕಡಿದು ಬಂದರು. ನಾಲ್ಕು ಗಂಟೆಯೊಳಗೆ ಎಲ್ಲ ಬೋಟೂ ಒಳಗೆ. ಯಾರಿಗೂ ಏನೂ ಆಗಿಲ್ಲ.

ಲಕ್ಕಿ ಅಳಿವೆಯ ಕಲ್ಲುಗಳ ಮೇಲೆ ಓಡಿದಳಂತೆ, ನೀರಿನ ಕಡೆಗೆ. ಜಾರಿ ಬಿದ್ದು ಬಲಗೈ ಮುರಿದುಕೊಂಡಳು.

ಸುಷ್ಮಾ ಎರಡರ ಬಸ್ಸಿಗೆ ಬಂದಳು. ದಕ್ಕೆಯ ಮೇಲೆ ಹೆಂಗಸರು ಅವಳನ್ನು ಸುತ್ತುಗಟ್ಟಿದರು. "ಮಾಡಿದ್ದು ನೀನಲ್ದಾ?" ಎಂದು ಒಬ್ಬಳು ಅವಳ ತೋಳು ಹಿಡಿದು ಜಗ್ಗಿದಳು.

"ನನ್ನಿಂದ ತಪ್ಪಾತು" ಎಂದಳು ಸುಷ್ಮಾ. ಯಾವಾಗಿನಂತೆ ಮೆಲ್ಲಗೆ. ಅವಳು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಯಂತ್ರವನ್ನು ನಂಬಬಾರದು.

ಆಗಸ್ಟ್ 6

ಭಟ್ಕಳ, ಕುಮಟೆಯವರು ಬರಲಿಲ್ಲ. ಬರೆಯಲು ಏನೂ ಇಲ್ಲ.

ಆಗಸ್ಟ್ 7, ಗುರುವಾರ

ಭಾಸ್ಕರ ಬಂದ. ಬೋಟ್ ಮಾಲಕರ ಇಬ್ಬರನ್ನು ಜೊತೆಗೆ ಕರೆದುಕೊಂಡು, ಚಪ್ಪಲಿ ಬಿಟ್ಟು, ಬಹಳ ಮರ್ಯಾದೆಯಿಂದ ಬಂದ. ಅವನು ಮರ್ಯಾದೆಯಿಂದ ಬಂದಾಗಲೇ ನಾನು ಬೆನ್ನು ನೇರ ಮಾಡಿ ಕೂರುವುದು.

"ಅತ್ಗೆ, ಬರುವ ಬುಧವಾರ ದಕ್ಕೆ ಮೇಲೆ ಎರಡೂ ಸಂಘ ಸೇರ್ತದೆ. ಸುಷ್ಮಾ ಬಂದು ಎಲ್ಲರೆದುರು ಕೈ ಮುಗಿದು ತಪ್ಪಾತು ಅನ್ಲಿ. ಆ್ಯಪು ಬಂದ್ ಮಾಡಿ. ಅಲ್ಲಿಗೆ ಮುಗೀತು."

"ನಮ್ಮ ಮನೆಯವರು ಕೈ ಮುಗಿಯೂದು ದೇವರಿಗೆ. ದಕ್ಕೆ ಮೇಲೆ ನೀನು ಯಾವ ದೇವರು?"

"ಹಂಗಂದ್ರೆ ಹೆಂಗೆ? ತಪ್ಪು ಯಾರ್ದೋ ಒಬ್ಬರ್ದು ಆಗ್ಬೇಕಲ."

"ಯಂತ್ರದ್ದು."

"ಯಂತ್ರಕ್ಕೆ ಕೈ ಅದ್ಯಾ ಅತ್ಗೆ?" ಎಂದು ಎದ್ದ. "ಮೊನ್ನೆ ಹತ್ತು ಜನ ಇದ್ದಾಗ ನನ್ನ ಹೆಂಡ್ತಿ ಖಾಲಿ ಬುಟ್ಟಿ ಸುದ್ದಿ ತೆಗ್ದೆ. ಬುಧವಾರ ಇನ್ನೂರು ಜನ ಇರ್ತಾರೆ. ಅಲ್ಲಿ ಮಾತಾಡು."

ಸುಷ್ಮಾ ಚಾ ತಂದಾಗ ಅವರು ಅಂಗಳ ದಾಟಿದ್ದರು. ಮೂರು ಲೋಟ ಚಾ ಹಾಗೇ ಆರಿತು. ಬುಧವಾರ ತಾನು ಬರುತ್ತೇನೆ ಎಂದಳು. ಬರಕೂಡದು ಎಂದೆ. ಬರುತ್ತೇನೆ ಎಂದಳು. ಎರಡನೆಯ ಸಲ ಹೇಳುವಾಗ ಅವಳ ದನಿ ಅಷ್ಟೇನೂ ಮೆಲ್ಲಗಿರಲಿಲ್ಲ.

ಆಗಸ್ಟ್ 8

ಲಕ್ಕಿಯ ಮನೆಗೆ ಹೋದೆ. ಎಲ್ಲರೂ ಹೋಗಿ ಬಂದಿದ್ದರು, ಅಧ್ಯಕ್ಷೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ.

ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಬೀಡಾ ಕಟ್ಟಲು ಹೋಗಿ ಸೋಲುತ್ತಿದ್ದಳು. ನಾನು ಕಟ್ಟಿಕೊಟ್ಟೆ.

"ಸುಣ್ಣ ಹೆಚ್ಚಾತು" ಎಂದಳು. "ನಿಂಗೆ ಯಾವಾಗ್ಲೂ ಎಲ್ಲ ಹೆಚ್ಚೇ."

"ಭಾಸ್ಕರ ಆ್ಯಪು ಬಂದ್ ಮಾಡ್ಸ್ತಾನಂತೆ."

"ಯಾಕೆ?"

"ಯಾಕೆ ಅಂದ್ರೆ ಎಂತ ಹೇಳೂದು? ನಿನ್ನ ಕೈ ನೋಡು."

"ಕೈ ನಂದು, ಬಂದ್ ಮಾಡೂಕೆ ಅಂವ ಯಾರು?" ಬೀಡಾ ಬಾಯಿಗೆ ಹಾಕಿಕೊಂಡಳು. "ಸುಳ್ಳು ಸುದ್ದಿ ಬಂದು ಕೈ ಮುರೀತು ಕಮಲಕ್ಕ. ಆ ವರ್ಷ ಸುದ್ದಿ ಬರದೇ ಎರಡು ದಿನ ಕೂತಿದ್ದೆ. ನನ್ನ ಗಂಡಗೆ ಇಷ್ಟ ಅಂತ ಬಂಗಡೆ ಹುಳಿ ಮಾಡಿಟ್ಕಂಡು. ಅಲ್ಲಿ ಎಂತ ಮುರೀತು ಅಂತ ಯಾರಾದ್ರೂ ಪ್ಲಾಸ್ಟರ್ ಹಾಕಿ ತೋರಿಸ್ತಾರಾ?"

ಇನ್ನೊಂದು ಎಲೆ ತೆಗೆದು ಈ ಸಲ ಸುಣ್ಣ ಕಡಿಮೆ ಹಚ್ಚಿದೆ.

"ಅದು ಇರ್ಲಿ. ಆ ಹುಡುಗಿ ಬೆಳಗಿನ ಎಂಟರ ಬಸ್ಸಿಗೆ ಹೋದದ್ದು ನಾ ನೋಡಿದ್ದೆ. ಹನ್ನೊಂದಕ್ಕೆ ಒತ್ತಿದ್ದು ಯಾರು?"

ಬಿಸಿಲು ಏರುತ್ತಿದೆ, ಹೊರಡುತ್ತೇನೆ ಎಂದೆ. ಮೋಡ ಕವಿದಿತ್ತು.

ಆಗಸ್ಟ್ 9, ನೂಲ ಹುಣ್ಣಿಮೆ

ಸಮುದ್ರಕ್ಕೆ ಕಾಯಿ ಬಿಡುವ ಹೊತ್ತಿಗೆ ಹೆಂಗಸರೆಲ್ಲ ಸಾಲಾಗಿ ನಿಂತರು. ಸುಷ್ಮಾ ನಿಂತ ಕಡೆ ಎರಡು ಮಾರು ಖಾಲಿ ಜಾಗ. ಕಾಯಿ ಹಂಚುತ್ತಿದ್ದವಳು ಅವಳನ್ನು ದಾಟಿ ಮುಂದೆ ಹೋದಳು, ಮರೆತವಳಂತೆ.

ನನ್ನ ಕಾಯಿಯನ್ನು ಅವಳ ಕೈಗೆ ಕೊಟ್ಟೆ. ಅಧ್ಯಕ್ಷೆಯ ಕಾಯಿ ಮೊದಲು ನೀರಿಗೆ ಬೀಳಬೇಕು. ಬಿತ್ತು. ಬಿಟ್ಟವಳು ಅವಳು. ನಮ್ಮ ಮನೆಯವಳನ್ನು ದಾಟಿ ಹೋಗುವ ಧೈರ್ಯ ಇವರಿಗೆ ಎಲ್ಲಿಂದ ಬಂತು?

ಇವತ್ತು ಆ್ಯಪ್ ಶುರುವಾಗಬೇಕಿತ್ತು.

ಆಗಸ್ಟ್ 10, ರವಿವಾರ

ಬಿಲ್ಡ್ ಟೂಲ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ನನಗೆ ಗೊತ್ತಿರಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗಾಗಿ ಕಟ್ಟಿದ್ದು, ಎಲ್ಲ ಒಂದರ ಕೆಳಗೆ ಒಂದು. ಬೆಳಿಗ್ಗೆ ಸುಷ್ಮಾ ಅದನ್ನು ತೆರೆದಿಟ್ಟು ಸ್ನಾನಕ್ಕೆ ಹೋಗಿದ್ದಳು. ಜುಲೈ 24ರ ನನ್ನ ಐದು ನದಿಗಳು ಇದ್ದವು. ಕೊನೆಯ ಸಾಲು: ಆಗಸ್ಟ್ 5, 10:52, ಸಮುದ್ರ. ಆ ಹೊತ್ತಿಗೆ ಅವಳು ಕುಮಟೆಯಲ್ಲಿ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದಳು, ಕೈಯಲ್ಲಿ ಚೀಟಿ ಹಿಡಿದು. ಅದು ಅವಳ ತಾಯಿಗೆ ಗೊತ್ತು, ಡಾಕ್ಟರಿಗೆ ಗೊತ್ತು.

ತಲೆ ಒರೆಸುತ್ತ ಬಂದಳು. ನಾನು ಕುರ್ಚಿಯಿಂದ ಏಳಲಿಲ್ಲ.

"ಇದನ್ನ ಯಾರಿಗೆ ತೋರ್ಸಿದ್ದೆ?"

"ಯಾರಿಗೂ ಇಲ್ಲ ಅತ್ತೆ."

"ಅಜಯಗೆ?"

"ಇಲ್ಲ."

"ಯಾಕೆ?"

"ಬೀಗ ಹಾಕ್ತೆ ಅಂದು ಹಾಕದೇ ಬಿಟ್ಟದ್ದು ನಾನು. ನನ್ನಿಂದ ತಪ್ಪಾತು ಅಂದದ್ದು ಸುಳ್ಳಲ್ಲ." ಟವೆಲನ್ನು ಮಡಿಸಿದಳು, ಮತ್ತೆ ಬಿಡಿಸಿದಳು. "ನಿಮ್ಮ ಹೆಸರು ಬಂದ್ರೆ ಚಿಕ್ಕಮಾವ ಆ್ಯಪಲ್ಲ, ಸಂಘವನ್ನೇ ಮುಚ್ಚಿಸ್ತಾರೆ. ನಂದಾದ್ರೆ ಹೊರಗಿನವಳ ತಪ್ಪು ಅಂತ ಎರಡು ದಿನ ಬೈದು ಬಿಡ್ತಾರೆ."

"ನೀನು ಹೊರಗಿನವಳು ಅಂತ ಯಾರು ಹೇಳಿದ್ದು?"

"ನೀವೇ. ಹೋದ ವರ್ಷ ಬೋಟಿನ ಪೂಜೆ ದಿನ."

ಹೇಳಿದ್ದೆ. ನೆನಪಾಯಿತು.

ಎಂಥ ಅಹಂಕಾರ ನೋಡು ಈ ಹುಡುಗಿಯದು! ನನ್ನನ್ನು ಕಾಪಾಡಲು ಹೊರಟಿದ್ದಾಳೆ. ಹದಿನೇಳು ವರ್ಷ ಯಾರ ಬೆನ್ನ ಹಿಂದೆಯೂ ನಿಲ್ಲದವಳು ನಾನು, ಈಗ ಹಿರೇಗುತ್ತಿಯ ಹುಡುಗಿಯ ಬೆನ್ನ ಹಿಂದೆ ನಿಲ್ಲಬೇಕೆ? ಅವಳಿಗೆ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಒಳಗೆ ಹೋಗಿ ಚಾ ಮಾಡಿ ತಂದೆ. ಅವಳು ಲೋಟ ನೋಡಿ, ನನ್ನನ್ನು ನೋಡಿ, "ಸಕ್ಕರೆ ಹಾಕಿದ್ರಾ?" ಎಂದು ಕೇಳಿದಳು. ಹಾಕಿರಲಿಲ್ಲ. ಅವಳು ಚಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿಲ್ಲ. ಮದುವೆಯಾಗಿ ಮೂರು ವರ್ಷವಾಯಿತು.

ಎರಡು ಚಮಚ.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಮೀನು ಹೆಚ್ಚುವಾಗ ನಾಗಭೂಷಣನ ನೆನಪಾಯಿತು. ಬೋಟಿನ ಮೇಲೆ ಹೆಸರು ಬರೆಯುತ್ತಿದ್ದ ಪೇಂಟರ್ ಅವನು.

ಗಂಗಾಮಾತಾವನ್ನು ಮೊದಲ ಸಲ ನೀರಿಗೆ ಇಳಿಸಿದ ವಾರ ಅವನು ಡಬ್ಬಿ, ಕುಂಚ ಹಿಡಿದು ದಕ್ಕೆಯ ಮೇಲೆ ಎರಡು ದಿನ ಕಾದಿದ್ದ. ಅಜಯನ ಅಪ್ಪ ಬಿಡಲಿಲ್ಲ. ಬೋಟು ನದಿಯಲ್ಲಿ ಓಡಬೇಕು, ಅಳಿವೆ ದಾಟಿ ಒಮ್ಮೆ ತಿರುಗಿ ಬರಬೇಕು, ಅಲ್ಲಿಯವರೆಗೆ ಹೆಸರಿಲ್ಲ. "ಎಂತಾದ್ರೂ ಆದ್ರೆ ಹೆಸರು ನೀರಿಗೆ ಹೋಗ್ಬಾರ್ದು" ಎನ್ನುತ್ತಿದ್ದರು. ಅಷ್ಟು ದಿನವೂ ನಾವೆಲ್ಲ ಅದನ್ನು ಹೊಸತು ಎಂದೇ ಕರೆದೆವು. ಹೊಸತು ಎಲ್ಲಿ ಹೋಯಿತು, ಹೊಸತು ಬಂತಾ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಇಲ್ಲದ ಬೋಟಿಗೆ ಹೆಸರಿಡಬಾರದು ಎಂದು ಸುಷ್ಮಾಗೆ ಹೇಳಿದವಳು ನಾನು. ಹೆಸರಿದ್ದ ಬೋಟನ್ನು ಪರೀಕ್ಷೆಗೆ ಇಳಿಸಬಾರದು ಎಂಬುದನ್ನು ಮರೆತವಳೂ ನಾನೇ.

ಕೈ ತೊಳೆಯದೆ ಅವಳ ಕೋಣೆಗೆ ಹೋದೆ. "ಪಟ್ಟಿ ತೆಗಿ. ಎಲ್ಲ ಹೆಸರೂ ಅಳಿಸು, ಎಲ್ಲ ನಂಬರೂ ಅಳಿಸು. ಹೊಸತು ಒಂದು, ಹೊಸತು ಎರಡು, ಹೊಸತು ಮೂರು ಅಂತ ಬರಿ."

ಯಾಕೆ ಎಂದು ಕೇಳಿದಳು. ಹೇಳಿದೆ. "ಇದನ್ನ ಜುಲೈಯಲ್ಲಿ ಹೇಳಿದ್ರೆ ಆಗ್ತಿತ್ತು ಅತ್ತೆ" ಎಂದಳು.

"ಜುಲೈಯಲ್ಲಿ ನಾನು ಹೇಳೂದ್ರಲ್ಲೇ ಇದ್ದೆ. ನೆನಪು ಮಾಡ್ಕಳೂಕೆ ಪುರಸೊತ್ತಿರ್ಲಿಲ್ಲ."

ಪಟ್ಟಿ ಬದಲಿಸಿದಳು. ಅದರ ಮೇಲೆ ಇನ್ನೊಂದು ಕೆಲಸ ಮಾಡಿದಳು. ಪರೀಕ್ಷೆಯ ಪಟ್ಟಿಯಲ್ಲಿ ಹೊಸತು ಎಂಬುದನ್ನು ಬಿಟ್ಟು ಬೇರೆ ಹೆಸರು ಕಂಡರೆ ಬಿಲ್ಡ್ ಟೂಲ್ ಅಲ್ಲೇ ನಿಲ್ಲಬೇಕು, ಆ್ಯಪ್ ಕಟ್ಟಲೇಬಾರದು. ಪರೀಕ್ಷಿಸಲು ನನ್ನ ಕೈಯಿಂದಲೇ ಗಂಗಾಮಾತಾ ಎಂದು ಬರೆಸಿದಳು. ನದಿ ಎಂದು ಆರಿಸಿ ಒತ್ತಿದೆ. ಕೆಂಪು ಗೆರೆ. ಇನ್ನೊಮ್ಮೆ ಒತ್ತಿದೆ. ಕೆಂಪು. ಕೆಂಪು ಗೆರೆಯನ್ನು ಇಷ್ಟು ಖುಷಿಯಿಂದ ನೋಡಿದ್ದು ಇದೇ ಮೊದಲು.

ಸಮುದ್ರಕ್ಕೂ ಬೀಗ ಹಾಕಿದಳು. ಯಾರೇ ಒತ್ತಲಿ, ಇಬ್ಬರು ತಮ್ಮ ತಮ್ಮ ಫೋನಿನಲ್ಲಿ ಹೆಬ್ಬೆರಳು ಇಟ್ಟು ಹೂಂ ಎಂದ ಹೊರತು ಕಟ್ಟುವುದಿಲ್ಲ.

"ಯಾರ್ಯಾರು ಇಬ್ಬರು?"

"ನಾನು, ನೀವು."

ಹೂಂ ಎನ್ನಲಿಲ್ಲ. ಯೋಚನೆ ಮಾಡಬೇಕು.

ಆಗಸ್ಟ್ 13, ಬುಧವಾರ

ಹತ್ತು ಗಂಟೆಗೆ ದಕ್ಕೆ ತುಂಬಿತ್ತು. ಭಾಸ್ಕರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಭಟ್ಕಳದಿಂದ ಶರ್ಮಿಳಾ ಬಂದಿದ್ದಳು, ಕುಮಟೆಯವರೂ ಬಂದಿದ್ದರು. ಲಕ್ಕಿ ಮೀನಿನ ಬಾಕ್ಸನ್ನು ಮಗುಚಿ ಅದರ ಮೇಲೆ ಕೂತಿದ್ದಳು, ಕುತ್ತಿಗೆಗೆ ಕಟ್ಟಿದ ಕೈ, ಪಕ್ಕದಲ್ಲಿ ಇವತ್ತು ಬೋಟಿಗೆ ಹೋಗದೆ ಉಳಿದ ಮಗ.

ಭಾಸ್ಕರ ಕರೆದ ಕೂಡಲೇ ಸುಷ್ಮಾ ಎದ್ದಳು. ಕೈ ಜೋಡಿಸುವಷ್ಟರಲ್ಲಿ ಅವಳ ಮಣಿಕಟ್ಟು ಹಿಡಿದೆ. "ಕೂತ್ಕೊ" ಎಂದೆ. ಕೂತಳು.

ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಮುಂದೆ ನಾನೇ ಬೇರೆ ಥರ ನೆನಪಿಟ್ಟುಕೊಳ್ಳಬಾರದಲ್ಲ.

"ಸುಳ್ಳು ಸುದ್ದಿ ಕಳಿಸಿದ್ದು ನಾನು. ಈ ಹುಡುಗಿ ಆ ಹೊತ್ತಿಗೆ ಕುಮಟೆಯಲ್ಲಿತ್ತು. ಯಾರಿಗೂ ತಾಗದೇ ಇರೂಕೆ ಸುಳ್ಳು ಹೆಸರು ಇಟ್ಟಿತ್ತು, ತೆಗೆಸಿ ನಿಮ್ಮ ಹೆಸರು ಹಾಕಿಸಿದ್ದು ನಾನು. ನದಿ ಒತ್ತಿ ಅಂದಿತ್ತು, ಸಮುದ್ರ ಒತ್ತಿದ್ದು ನಾನು. ಅದು ನಿಮ್ಮೆದುರು ಬೈಸ್ಕಳ್ಳುವಾಗ ಬಾಯಿ ಮುಚ್ಕಂಡು ನಿಂತದ್ದೂ ನಾನೇ. ಬಲೆ ಕಡಿದು ಬಂದವರಿಗೆ, ಒಲೆ ಬಿಟ್ಟು ಓಡಿ ಬಂದವರಿಗೆ, ಲಕ್ಕಿಗೆ, ನನ್ನಿಂದ ತಪ್ಪಾತು."

ಭಾಸ್ಕರ ಅಂಗಿಯ ತೋಳು ಸರಿಮಾಡಿಕೊಂಡ.

"ಹಂಗಾದ್ರೆ," ಎಂದ ಭಾಸ್ಕರ, "ಅಧ್ಯಕ್ಷತನ ಬಿಡ್ತ್ಯಲ ಅತ್ಗೆ?"

"ಬಿಡೂದಿಲ್ಲ. ಕೂರ್ಸಿದ್ದು ನೀನಲ್ಲ, ಇಳ್ಸೂದೂ ನೀನಲ್ಲ. ಹೆಂಗಸರು ಇಳಿ ಅಂದ್ರೆ ಈಗ್ಲೇ ಇಳೀತೆ. ಕೇಳು ಅವರ ಹತ್ರ."

ಅವನು ಹೆಂಗಸರ ಕಡೆ ತಿರುಗಿದ. ನಾನೂ ತಿರುಗಿದೆ. ಸುಷ್ಮಾಳ ಭುಜ ಹಿಡಿದು ನಿಂತೆ ಎಂದು ಇಲ್ಲಿ ಬರೆಯಬಹುದು, ಬೇರೆ ಯಾರೂ ಓದುವುದಿಲ್ಲ.

ಲಕ್ಕಿ ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗುಳಿದಳು. "ಇಳೂದು ಹತ್ತೂದು ಆಮೇಲೆ ಮಾಡಿ. ನೂಲ ಹುಣ್ಣಿಮೆ ಕಳ್ದು ನಾಕು ದಿನ ಆತು. ಹೇಳಿದ ಮೇಲೆ ಹೇಳಿದ್ದೇ ಅಂದಿತ್ತು ಕಮಲಕ್ಕ. ಆ್ಯಪು ಎಲ್ಲಿ?"

ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ಭಾಸ್ಕರನ ಹೆಂಡತಿಯೂ ನಕ್ಕಳು, ಅದೂ ಜೋರಾಗಿಯೇ.

"ಇಲ್ಲೇ ಅದೆ" ಎಂದೆ.

ಸುಷ್ಮಾ ಇನ್ನೊಂದು ಬಾಕ್ಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಎಲ್ಲರಿಗೂ ಕೇಳುವಂತೆ ಹೇಳುತ್ತ ಮಾಡಿದಳು. ಅವಳ ದನಿ ಐಸ್ ಫ್ಯಾಕ್ಟರಿಯ ಗೋಡೆಯವರೆಗೂ ಮುಟ್ಟುತ್ತಿತ್ತು. ನದಿಗೆ ಕಟ್ಟಿದಳು: ಹಸಿರು, ಪರದೆಯ ಮೇಲೆ ಅಕ್ಷರ, ಯಾವ ಫೋನೂ ಕೂಗಲಿಲ್ಲ. ಅಳಿವೆಗೆ ಕಟ್ಟಿದಳು: ಅವಳ ಫೋನು, ನನ್ನ ಫೋನು. 'ಹೊಸತು ಒಂದು ಬಂತು'. ನನ್ನ ಫೋನನ್ನು ಎತ್ತಿ ತೋರಿಸಿದೆ. ಸಮುದ್ರ ಎಂದು ಆರಿಸಿ ಒತ್ತಿದಾಗ ಅದು ಕಟ್ಟದೆ ನಿಂತಿತು. ಅವಳು ತನ್ನ ಹೆಬ್ಬೆರಳು ಇಟ್ಟಳು. ಇನ್ನೂ ನಿಂತೇ ಇತ್ತು.

ಲಕ್ಕಿಯ ಸೊಂಟದಲ್ಲಿದ್ದ ಫೋನು ಕೂಗಿತು. ಎಡಗೈಯಲ್ಲಿ ತೆಗೆದು ದೂರ ಹಿಡಿದು ನೋಡಿದಳು. "ಎಂತ ಕೇಳ್ತದೆ ಇದು?"

"ಸಮುದ್ರಕ್ಕೆ ಬಿಡ್ಲಾ ಅಂತ ಕೇಳ್ತದೆ ಲಕ್ಕಿ ಚಿಕ್ಕಿ" ಎಂದಳು ಸುಷ್ಮಾ.

"ನನ್ನ ಹತ್ರ ಯಾಕೆ?"

"ನೀವು ಹೂಂ ಅಂದ್ರೆ ಮಾತ್ರ ಹೋಗೂದು."

ಲಕ್ಕಿ ನನ್ನನ್ನು ನೋಡಿದಳು. ನಾನು ಸಮುದ್ರದ ಕಡೆ ನೋಡಿದೆ.

"ಪರೀಕ್ಷೆ ಪಟ್ಟಿ ಓದು ಕಾಂಬ, ಯಾರ ಹೆಸರು ಅದೆ ಒಳಗೆ."

ಸುಷ್ಮಾ ಓದಿದಳು. ಹೊಸತು ಒಂದು. ಹೊಸತು ಎರಡು. ಹೊಸತು ಮೂರು.

"ಇನ್ನೊಂದ್ಸಲ ಓದು."

ಓದಿದಳು. ಲಕ್ಕಿ ಸೆರಗಿಗೆ ಎಡಗೈ ಹೆಬ್ಬೆರಳು ಒರೆಸಿಕೊಂಡು, ಫೋನಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಳು, ಅಕ್ಷಯ ಸಾಕು ಎನ್ನುವವರೆಗೆ. ಹಸಿರು ಗೆರೆ ಬಂತು. ದಕ್ಕೆಯ ಮೇಲೆ ಒಂದು ಫೋನೂ ಕೂಗಲಿಲ್ಲ. ಹೊಸತಿಗೆ ಯಾವ ನಂಬರೂ ಇಲ್ಲ, ಕೂಗಬಾರದಿತ್ತು.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ನನ್ನ ಫೋನು ಕೂಗಿತು. ಗಂಗಾಮಾತಾ ಬಂತು ಎಂದು. ಅಂಗಳಕ್ಕೆ ಇಳಿದು ನೋಡಿದರೆ ಅಳಿವೆಯ ಈಚೆಗೆ ನಮ್ಮ ಬೋಟು.

ಸಮುದ್ರದ ಬೀಗಕ್ಕೆ ಈಗ ಎರಡು ಹೆಬ್ಬೆರಳು. ಸುಷ್ಮಾಳದ್ದು, ಲಕ್ಕಿಯದ್ದು. ನನ್ನ ಹೆಸರನ್ನು ನಿನ್ನೆ ಸಂಜೆಯೇ ಸುಷ್ಮಾಳ ಪಕ್ಕ ಕುರ್ಚಿ ಹಾಕಿ ಕೂತು, ನಾನೇ ಹೇಳಿ ತೆಗೆಸಿದೆ.